ಕೊರತೆ ಇರುವುದು ಕೆಲಸಗಾರರದೋ, ನ್ಯಾಯವಾದ ಕೂಲಿಯದೋ?

“ಕೆಲಸಕ್ಕೆ ಜನ ಸಿಗುತ್ತಿಲ್ಲ. ಸಿಕ್ಕವರು ಬಾಯಿಗೆ ಬಂದಷ್ಟು ಕೂಲಿ ಕೇಳುತ್ತಾರೆ. ಇನ್ನು ಬೆಲೆ ಏರದೆ ಇರುತ್ತದೆಯೇ?”

ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಈ ಮಾತು ಕೇಳಿಬರದ ದಿನವಿಲ್ಲ. ಮನೆ ಕಟ್ಟಿಸುವವರು ಗಾರೆಯವರು ಸಿಗಲಿಲ್ಲವೆಂದು ಹೇಳುತ್ತಾರೆ. ಹೋಟೆಲ್ ಮಾಲೀಕರು ಸಪ್ಲೈಯರ್ ಹುಡುಗರು ನಿಲ್ಲುವುದಿಲ್ಲವೆಂದು ದೂರುತ್ತಾರೆ. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ, ಕೆಲಸದವರು ಒಂದು ದಿನ ಬಾರದಿದ್ದರೆ ಮನೆಯ ಗಡಿಯಾರವೇ ನಿಂತುಹೋಗುತ್ತದೆ. ಕರಾವಳಿಯ ನಮಗೂ ಇದು ಹೊಸ ಮಾತೇನಲ್ಲ. ಅಡಿಕೆ ಮರ ಹತ್ತುವವರಿಲ್ಲ, ಮೀನುಗಾರಿಕಾ ದೋಣಿಗೆ ಊರಿನ ಜನ ಬರುವುದಿಲ್ಲ ಎಂದು ನಾವೂ ಹೇಳುತ್ತಲೇ ಬಂದಿದ್ದೇವೆ. ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಬೆಂಗಳೂರಿನ ಇದೇ ಬಡಾವಣೆಗಳಲ್ಲಿ ಬಾಡಿಗೆಗಿದ್ದಾರೆ. ಅಲ್ಲಿ ಅವರು ಒಂದು ಕಡೆ ಸಂಬಳ ಪಡೆಯುವ ನೌಕರರು, ಇನ್ನೊಂದು ಕಡೆ ಸಂಬಳ ಕೊಡುವ ಯಜಮಾನರು. ಆದ್ದರಿಂದ ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ನೋಡುವುದು ಉಚಿತ.

ಮೇಲಿನ ದೂರಿನಲ್ಲಿ ಎರಡು ಆರೋಪಗಳಿವೆ. ದುಡಿಯುವ ಕೈಗಳೇ ಇಲ್ಲ ಎಂಬುದು ಮೊದಲನೆಯದು. ಬೆಲೆಯೇರಿಕೆಗೆ ಕೂಲಿಯೇ ಕಾರಣ ಎಂಬುದು ಎರಡನೆಯದು. ಇವೆರಡೂ ಎಷ್ಟು ನಿಜ?

ಕೈಗಳು ಇಲ್ಲವೇ?

ಜಯನಗರದ ಯೋಜನೆ ಆರಂಭವಾದದ್ದು 1948ರಲ್ಲಿ. ಬಿಟಿಎಂ ಎಂಬ ಹೆಸರಿನೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಹಳ್ಳಿಗಳು ಬಡಾವಣೆಗಳಾದದ್ದು ಹೊರಗಿನಿಂದ ಬಂದ ದುಡಿಮೆಗಾರರ ಬೆವರಿನಿಂದ. ತಮಿಳುನಾಡು ಮತ್ತು ಆಂಧ್ರದ ಕಡೆಯಿಂದ ಬಂದವರಿದ್ದರು. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಗುಳೆ ಬಂದ ಕುಟುಂಬಗಳಿದ್ದವು. ಈಗ ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳ, ಅಸ್ಸಾಂ ರಾಜ್ಯಗಳ ಯುವಕರು ಅವರ ಜೊತೆ ಸೇರಿದ್ದಾರೆ.

ಸ್ಥಳೀಯ ಯುವಕರು ಕಡಿಮೆಯಾಗಲು ಸಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಬಿಹಾರದಲ್ಲಿ 3. ನಮ್ಮಲ್ಲಿ ಮಕ್ಕಳು ಕಡಿಮೆ, ಇರುವ ಮಕ್ಕಳಿಗೆ ಓದು ಹೆಚ್ಚು. ಗಾರೆ ಕೆಲಸದವನ ಮಗ ಡಿಪ್ಲೊಮಾ ಮಾಡಿ ತಂದೆಯ ಕರಣೆ ಹಿಡಿಯಲು ಒಲ್ಲೆನೆಂದರೆ ಅದು ದುಃಖಪಡುವ ಸಂಗತಿಯಲ್ಲ. ಆ ತಂದೆ ಬಿಸಿಲಲ್ಲಿ ನಿಂತು ದುಡಿದದ್ದೇ ಅದಕ್ಕಾಗಿ.

ಹಾಗೆಂದು ದೇಶದಲ್ಲಿ ಕೈಗಳು ಇಲ್ಲವೆಂದಲ್ಲ. ಸರಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ಕೃಷಿಯನ್ನು ನಂಬಿದವರ ಪಾಲು 2018-19ರಲ್ಲಿ ಶೇ. 42.5 ಇತ್ತು. ಕೊರೋನಾ ಕಾಲದಲ್ಲಿ ಅದು ಏರಿತು, 2023-24ರಲ್ಲೂ ಶೇ. 46.1ರಷ್ಟಿತ್ತು. ಅಂದರೆ ದುಡಿಯುವವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಇನ್ನೂ ಹೊಲದಲ್ಲೇ ಇದ್ದಾರೆ. ಅಲ್ಲಿ ಎಲ್ಲರಿಗೂ ವರ್ಷವಿಡೀ ಕೆಲಸವಿಲ್ಲ. ಹೀಗಿರುವಾಗ ನಗರದಲ್ಲಿ “ಜನ ಸಿಗುತ್ತಿಲ್ಲ” ಎಂಬ ಮಾತಿನ ಪೂರ್ಣಪಾಠ ಬೇರೆಯೇ ಇರಬೇಕು. ನಾವು ಕೊಡುವ ಕೂಲಿಗೆ, ನಾವು ಕೊಡುವ ತಗಡಿನ ಶೆಡ್ಡಿನಲ್ಲಿ ಮಲಗಿ, ನಾವು ಹೇಳಿದಷ್ಟು ಹೊತ್ತು ದುಡಿಯಲು ಜನ ಸಿಗುತ್ತಿಲ್ಲ ಎಂಬುದೇ ಆ ಪೂರ್ಣಪಾಠ.

ನಗರ ಬರಿದಾದ ಎರಡು ಸಂದರ್ಭಗಳು

ಕೆಲಸಗಾರರಿಲ್ಲದ ಬೆಂಗಳೂರು ಹೇಗಿರುತ್ತದೆ ಎಂಬುದನ್ನು ಈ ನಗರ ಎರಡು ಬಾರಿ ಕಂಡಿದೆ.

ಮೊದಲನೆಯದು 2012ರ ಆಗಸ್ಟ್. ಅಸ್ಸಾಮಿನ ಕೋಕ್ರಝಾರ್ ಪ್ರದೇಶದ ಹಿಂಸಾಚಾರದ ಬೆನ್ನಿಗೆ, ಈಶಾನ್ಯದವರ ಮೇಲೆ ಇಲ್ಲಿಯೂ ದಾಳಿ ನಡೆಯಲಿದೆಯೆಂಬ ವದಂತಿ ಎಸ್ಸೆಮ್ಮೆಸ್ ಮೂಲಕ ಹಬ್ಬಿತು. ಸ್ವಾತಂತ್ರ್ಯೋತ್ಸವದ ಸಂಜೆಯಿಂದಲೇ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣದಲ್ಲಿ ಜಮಾಯಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕಾವಲು ಕೆಲಸ, ಹೋಟೆಲ್, ಬ್ಯೂಟಿ ಪಾರ್ಲರ್‌ಗಳು ಒಮ್ಮೆಲೇ ಕೈ ಕಳೆದುಕೊಂಡವು. ಅದುವರೆಗೆ ಕಣ್ಣಿಗೆ ಬೀಳದೆ ದುಡಿಯುತ್ತಿದ್ದವರು, ಹೊರಟು ನಿಂತಾಗ ಮಾತ್ರ ನಗರಕ್ಕೆ ಕಂಡರು.

ಎರಡನೆಯದು 2020ರ ಮೇ. ಲಾಕ್‌ಡೌನ್‌ನಿಂದ ದುಡಿಮೆಯಿಲ್ಲದೆ, ಕೈಯಲ್ಲಿ ಕಾಸಿಲ್ಲದೆ ಕುಳಿತಿದ್ದ ವಲಸೆ ಕಾರ್ಮಿಕರಿಗಾಗಿ ಶ್ರಮಿಕ್ ರೈಲುಗಳು ಆಗಷ್ಟೇ ಆರಂಭವಾಗಿದ್ದವು. ಮೇ 5ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಕಟ್ಟಡ ನಿರ್ಮಾಣಗಾರರ ಪ್ರತಿನಿಧಿಗಳ ಜೊತೆ ಸಭೆ ನಡೆಸಿದರು. ಅದರ ಬೆನ್ನಿಗೇ ಮರುದಿನದಿಂದ ರೈಲುಗಳು ಬೇಡವೆಂದು ರಾಜ್ಯ ಸರಕಾರ ರೈಲ್ವೆಗೆ ಪತ್ರ ಬರೆಯಿತು. ಕಾಮಗಾರಿಗಳು ಮತ್ತೆ ಶುರುವಾಗಬೇಕು, ಅದಕ್ಕೆ ಕಾರ್ಮಿಕರು ಇಲ್ಲೇ ಇರಬೇಕು ಎಂಬುದು ಅದರ ಹಿಂದಿನ ವಾದ. ದೇಶದಾದ್ಯಂತ ಖಂಡನೆ ವ್ಯಕ್ತವಾಯಿತು, ವಿಷಯ ಹೈಕೋರ್ಟಿನಲ್ಲೂ ಪ್ರಸ್ತಾಪವಾಯಿತು. ಮೇ 7ರ ಹೊತ್ತಿಗೆ ಸರಕಾರ ಹಿಂದೆ ಸರಿಯಿತು.

ಆ ಎರಡು ದಿನಗಳ ಘಟನೆಯನ್ನು ನಾವು ಮರೆಯಬಾರದು. ಸರಕು ವಿರಳವಾದರೆ ಬೆಲೆ ಏರಬೇಕು ಎಂಬುದು ಮಾರುಕಟ್ಟೆಯ ನಿಯಮ. ಆದರೆ ದುಡಿಯುವವರು ವಿರಳರಾಗುವ ಲಕ್ಷಣ ಕಂಡಾಗ ಕೂಲಿ ಏರಿಸುವ ಮಾತು ಬರಲಿಲ್ಲ. ಬದಲಾಗಿ ರೈಲೇ ನಿಂತಿತು!

ಇದು ಹೊಸ ಬುದ್ಧಿಯೂ ಅಲ್ಲ. 1348ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟ ಪ್ಲೇಗ್ ಮಾರಿ ಅಲ್ಲಿನ ಜನಸಂಖ್ಯೆಯ ದೊಡ್ಡ ಪಾಲನ್ನು ನುಂಗಿತು. ಉಳಿದ ಕೂಲಿಯಾಳುಗಳು ಹೆಚ್ಚು ಕೂಲಿ ಕೇಳತೊಡಗಿದರು. ಮೂರನೇ ಎಡ್ವರ್ಡ್ ದೊರೆಯ ಸರಕಾರ 1349ರಲ್ಲಿ ಆಜ್ಞೆಯನ್ನೂ 1351ರಲ್ಲಿ ಶಾಸನವನ್ನೂ ಹೊರಡಿಸಿ, ಮಾರಿ ಬರುವ ಮೊದಲಿನ ಕೂಲಿಗೇ ದುಡಿಯಬೇಕೆಂದು ಕಟ್ಟುನಿಟ್ಟು ಮಾಡಿತು. ಆ ಶಾಸನ ಬಹುಕಾಲ ಕೂಲಿಯನ್ನು ಹಿಡಿದಿಡಲಾಗಲಿಲ್ಲ. ಅದು ಹುಟ್ಟಿಸಿದ ಅಸಮಾಧಾನವೂ 1381ರ ರೈತ ದಂಗೆಯ ಹಿಂದಿನ ಕಾರಣಗಳಲ್ಲಿ ಒಂದಾಯಿತು.

ಇಂಜಿನಿಯರಿಗೆ ಒಂದು ಅಳತೆ, ಗಾರೆಯವನಿಗೆ ಇನ್ನೊಂದು

ಇದೇ ದಕ್ಷಿಣ ಬೆಂಗಳೂರಿನ ಇನ್ನೊಂದು ಕೊರತೆಯನ್ನೂ ನೋಡೋಣ. 2021-22ರಲ್ಲಿ ಸಾಫ್ಟ್‌ವೇರ್ ಇಂಜಿನಿಯರುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಎಲೆಕ್ಟ್ರಾನಿಕ್ಸ್ ಸಿಟಿಯ ಇನ್ಫೋಸಿಸ್ ಸಂಸ್ಥೆಯಲ್ಲಿ ಕೆಲಸ ಬಿಟ್ಟುಹೋಗುವವರ ಪ್ರಮಾಣ 2022ರ ಜೂನ್ ಅಂತ್ಯಕ್ಕೆ ಶೇ. 28.4ಕ್ಕೆ ಏರಿತ್ತು. ಅನುಭವಿಗಳನ್ನು ಉಳಿಸಿಕೊಳ್ಳಲು ಕಂಪನಿಗಳು ಸಂಬಳ ಏರಿಸಿದವು, ಬೋನಸ್ ಕೊಟ್ಟವು, ಮನೆಯಿಂದಲೇ ಕೆಲಸ ಮಾಡಲು ಬಿಟ್ಟವು. ಅವರನ್ನು ಯಾರೂ ಸೋಮಾರಿಗಳೆನ್ನಲಿಲ್ಲ. ಅವರು ಊರಿಗೆ ಹೋಗದಂತೆ ತಡೆಯಬೇಕೆಂದು ಯಾರೂ ಪತ್ರ ಬರೆಯಲಿಲ್ಲ. ಅದೇ ಕ್ಷೇತ್ರದಲ್ಲಿ ಹೊಸದಾಗಿ ಸೇರುವವರ ಆರಂಭಿಕ ಸಂಬಳ ಮಾತ್ರ ಹತ್ತು ಹದಿನೈದು ವರ್ಷಗಳಿಂದ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇದೆ. ಕಾರಣ ಸರಳ. ಅಲ್ಲಿ ಬಾಗಿಲಲ್ಲಿ ಕಾದು ನಿಂತವರು ಸಾಕಷ್ಟಿದ್ದಾರೆ.

ಇಂಜಿನಿಯರು ಹೆಚ್ಚು ಸಂಬಳಕ್ಕೆ ಬೇರೆ ಕಂಪನಿಗೆ ಹೋದರೆ ನಾವು ಅದನ್ನು ಜಾಣತನವೆನ್ನುತ್ತೇವೆ. ಗಾರೆಯವನು ಐವತ್ತು ರೂಪಾಯಿ ಹೆಚ್ಚಿಗೆ ಸಿಗುವ ಪಕ್ಕದ ಸೈಟಿಗೆ ಹೋದರೆ ನಂಬಿಕೆಗೆ ಯೋಗ್ಯನಲ್ಲದವನು ಎನ್ನುತ್ತೇವೆ. ನಮ್ಮ ಊರಿನವರು ಹಿಂದೆ ಮುಂಬಯಿಗೆ, ನಂತರ ಗಲ್ಫ್ ದೇಶಗಳಿಗೆ ಹೊರಟದ್ದೂ ಇದೇ ಲೆಕ್ಕಾಚಾರದಿಂದ. ಅಂದು ಅದು ಕುಟುಂಬದ ಏಳಿಗೆಯ ದಾರಿಯಾಗಿತ್ತು. ಬಿಹಾರದ ಯುವಕನಿಗೂ ಇಂದು ಅದೇ ದಾರಿ.

ಕೂಲಿಯಿಂದಲೇ ಬೆಲೆಯೇರಿಕೆಯೇ?

ಈಗ ಎರಡನೆಯ ಆರೋಪ. ಕೂಲಿ ಏರಿದರೆ ಬೆಲೆ ಏರುವುದಿಲ್ಲವೆಂದು ಹೇಳಲಾಗದು. ಆದರೆ ಎಷ್ಟು ಏರುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು. ಒಂದು ಕಟ್ಟಡದ ವೆಚ್ಚ ನೂರು ರೂಪಾಯಿ, ಅದರಲ್ಲಿ ಮೂವತ್ತು ರೂಪಾಯಿ ಕೂಲಿ ಎಂದು ಇಟ್ಟುಕೊಳ್ಳೋಣ. ಕೂಲಿ ಶೇ. 20ರಷ್ಟು ಏರಿದರೆ ಒಟ್ಟು ವೆಚ್ಚ ಏರುವುದು ಆರು ರೂಪಾಯಿ ಮಾತ್ರ. ಉಳಿದದ್ದು ಸಿಮೆಂಟು, ಕಬ್ಬಿಣ, ಮರಳು, ಸಾಲದ ಬಡ್ಡಿ. ಜಯನಗರದಂತಹ ಕಡೆ ನಿವೇಶನದ ಬೆಲೆಯನ್ನೂ ಸೇರಿಸಿದರೆ ಕೂಲಿಯ ಪಾಲು ಇನ್ನೂ ಸಣ್ಣದಾಗುತ್ತದೆ. ಫ್ಲ್ಯಾಟಿನ ಬೆಲೆ ಗಗನಕ್ಕೇರಿದ್ದಕ್ಕೆ ಇಟ್ಟಿಗೆ ಹೊತ್ತವನನ್ನು ದೂರುವುದು ಲೆಕ್ಕಕ್ಕೆ ಕೂಡದ ಮಾತು.

2025ರಲ್ಲಿ ಬೆಂಗಳೂರಿಗರ ಜೇಬಿಗೆ ಕತ್ತರಿ ಹಾಕಿದ್ದು ಯಾವುದು? ಜನವರಿ 5ರಿಂದ ಸರಕಾರಿ ಬಸ್ ದರ ಶೇ. 15ರಷ್ಟು ಏರಿತು. ಫೆಬ್ರವರಿ 9ರಿಂದ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಜಿಗಿಯಿತು. ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಇವಾವುದೂ ದಿನಗೂಲಿಯವರ ಕೂಲಿ ಏರಿತೆಂದು ಏರಿದ್ದಲ್ಲ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ, ದೇಶದ ಚಿಲ್ಲರೆ ಹಣದುಬ್ಬರ ಶೇ. 7.44ಕ್ಕೆ ಏರಿದಾಗಲೂ ಕಾರಣ ಹಾಳಾದ ಬೆಳೆ. 2022ರ ಏಪ್ರಿಲ್‌ನಲ್ಲಿ ಅದು ಶೇ. 7.79 ತಲುಪಿದಾಗ ಉಕ್ರೇನ್ ಯುದ್ಧ, ಇಂಧನ ಮತ್ತು ಅಡುಗೆ ಎಣ್ಣೆಯ ದುಬಾರಿ ಬೆಲೆಗಳು ಎದುರಿಗಿದ್ದವು.

ಇನ್ನೊಂದು ನಿದರ್ಶನ ಹೆಚ್ಚು ಸ್ಪಷ್ಟ. 2025ರ ಫೆಬ್ರವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ನಿರ್ಮಾಣ ಕೆಲಸಕ್ಕೆ ಜನ ಸಿಗುತ್ತಿಲ್ಲ, ಸರಕಾರಿ ಸವಲತ್ತುಗಳಿಂದಾಗಿ ಕಾರ್ಮಿಕರು ಊರು ಬಿಟ್ಟು ಬರಲು ಮನಸ್ಸು ಮಾಡುತ್ತಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ. 0.25ಕ್ಕೆ ಇಳಿಯಿತು. 2012ನ್ನು ಆಧಾರ ವರ್ಷವಾಗಿಟ್ಟ ಆ ಸೂಚ್ಯಂಕದಲ್ಲಿ ಅಷ್ಟು ಕಡಿಮೆ ಅದುವರೆಗೆ ದಾಖಲಾಗಿರಲಿಲ್ಲ. ಕಾರ್ಮಿಕರ ಕೊರತೆಯೊಂದೇ ಬೆಲೆಯನ್ನು ಏರಿಸುವುದಾಗಿದ್ದರೆ ಇದು ಸಾಧ್ಯವಿತ್ತೇ? ತರಕಾರಿ ಅಗ್ಗವಾದದ್ದು, ಜಿಎಸ್‌ಟಿ ಇಳಿದದ್ದು ಆ ಅಂಕಿಯನ್ನು ಕೆಳಗಿಳಿಸಿದವು.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಬೆಲೆ ಮುಂದೆ ಓಡುತ್ತದೆ, ಕೂಲಿ ಅದರ ಹಿಂದೆ ಕುಂಟುತ್ತದೆ. ಕನಿಷ್ಠ ಕೂಲಿಯ ತುಟ್ಟಿಭತ್ಯೆಯನ್ನು ಲೆಕ್ಕ ಹಾಕುವುದು ಈಗಾಗಲೇ ಏರಿಹೋದ ಬೆಲೆಗಳ ಸೂಚ್ಯಂಕ ನೋಡಿ. ದುಬಾರಿ ಬದುಕನ್ನು ಕಾರ್ಮಿಕ ಮೊದಲು ಅನುಭವಿಸುತ್ತಾನೆ, ಪರಿಹಾರ ಆಮೇಲೆ ಬರುತ್ತದೆ. ಮೂಲ ಕೂಲಿಯನ್ನು ಐದು ವರ್ಷಕ್ಕೆ ಮೀರದಂತೆ ಪರಿಷ್ಕರಿಸಬೇಕೆಂದು 1948ರ ಕಾಯ್ದೆಯೇ ಹೇಳಿತ್ತು. ಹಾಗಿದ್ದೂ ಕೇಂದ್ರ ಸರಕಾರ 2017ರಲ್ಲಿ ಗೊತ್ತುಮಾಡಿದ ರಾಷ್ಟ್ರೀಯ ತಳಮಟ್ಟದ ಕೂಲಿ ದಿನಕ್ಕೆ 176 ರೂಪಾಯಿ ವರ್ಷಗಟ್ಟಲೆ ಹಾಗೆಯೇ ಉಳಿಯಿತು.

ಲಾಭದ ಕಡೆಯೂ ಒಂದು ನೋಟ ಹರಿಸಬೇಕು. ಕೇಂದ್ರ ಸರಕಾರದ 2024-25ರ ಆರ್ಥಿಕ ಸಮೀಕ್ಷೆಯೇ ಹೇಳಿದಂತೆ, 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಹದಿನೈದು ವರ್ಷಗಳ ಗರಿಷ್ಠ ಮಟ್ಟ ಮುಟ್ಟಿತು. ಲಾಭ ಶೇ. 22.3ರಷ್ಟು ಬೆಳೆದರೆ ಉದ್ಯೋಗ ಬೆಳೆದದ್ದು ಶೇ. 1.5 ಮಾತ್ರ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಗಾದೆ. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಎಲ್ಲಿ ದೂರು ನ್ಯಾಯವಾಗಿದೆ

ಆದರೂ ದೂರುವವರೆಲ್ಲ ಸಿರಿವಂತರಲ್ಲ ಎಂಬುದನ್ನು ಒಪ್ಪಬೇಕು. ಜಯನಗರದ ಹಳೆಯ ಮನೆಯಲ್ಲಿ ಪಿಂಚಣಿ ನಂಬಿ ಬದುಕುವ ವೃದ್ಧ ದಂಪತಿಗೆ ನೋಡಿಕೊಳ್ಳುವವರ ಸಂಬಳ ಏರಿದರೆ ಔಷಧಿಯ ಖರ್ಚಿಗೇ ಕೈ ಹಾಕಬೇಕಾಗುತ್ತದೆ. ಬನಶಂಕರಿಯ ಸಣ್ಣ ದರ್ಶಿನಿ ನಡೆಸುವವರಿಗೆ ಅಡುಗೆಯವರು ಬಿಟ್ಟುಹೋದರೆ ಅಂಗಡಿ ಮುಚ್ಚುವ ಭಯ. ಕ್ಷೌರ, ಮನೆಗೆಲಸ, ಪ್ಲಂಬಿಂಗ್, ರೋಗಿಗಳ ಆರೈಕೆ ಇವುಗಳಲ್ಲಿ ವೆಚ್ಚವೆಂದರೆ ಬಹುಪಾಲು ದುಡಿಮೆಯೇ. ಅಲ್ಲಿ ಕೂಲಿ ಏರಿದರೆ ದರ ನೇರವಾಗಿ ಏರುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್ 1960ರ ದಶಕದಲ್ಲಿ ಇದಕ್ಕೆ ಕಾರಣ ವಿವರಿಸಿದ್ದರು. ಯಂತ್ರ ಬಂದು ಕಾರ್ಖಾನೆಯ ಉತ್ಪಾದನೆ ಹೆಚ್ಚಿದಾಗ ಅಲ್ಲಿನ ಕೂಲಿ ಏರುತ್ತದೆ. ಕ್ಷೌರಿಕನೋ ದಾದಿಯೋ ಒಂದು ಗಂಟೆಯಲ್ಲಿ ಮಾಡುವ ಕೆಲಸ ಹೆಚ್ಚುವುದಿಲ್ಲ. ಆದರೂ ಅವರ ಸಂಬಳ ಏರದಿದ್ದರೆ ಅವರು ಆ ವೃತ್ತಿಯಲ್ಲಿ ಉಳಿಯುವುದಿಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಇದು ಕಣ್ಣೆದುರೇ ಇದೆ. ಮೊಬೈಲ್ ಆ್ಯಪ್‌ಗಳ ಡೆಲಿವರಿ ಕೆಲಸ ಬಂದ ಮೇಲೆ ಹೋಟೆಲ್ ಹುಡುಗನಿಗೂ ಕಾವಲುಗಾರನಿಗೂ ಇನ್ನೊಂದು ಬಾಗಿಲು ತೆರೆದಿದೆ. ಇನ್ನೊಂದು ಬಾಗಿಲು ಇರುವವನು ಮಾತ್ರ ಕೂಲಿಯ ಬಗ್ಗೆ ಚೌಕಾಸಿ ಮಾಡಬಲ್ಲ.

“ಭಾಗ್ಯ”ಗಳಿಂದ ಸೋಮಾರಿತನ ಬಂದಿದೆ ಎಂಬ ಮಾತನ್ನೂ ಈ ಬೆಳಕಿನಲ್ಲಿ ನೋಡಬೇಕು. ಅಕ್ಕಿ ಸಿಕ್ಕಿದ ಮನೆ ಹಸಿವಿನ ಹೆದರಿಕೆಯಿಂದ ಸಿಕ್ಕಿದ ಕೂಲಿಗೆ ಒಪ್ಪಬೇಕಾಗಿಲ್ಲ ಎಂಬುದು ನಿಜ. ಅದು ಸೋಮಾರಿತನವಲ್ಲ, ಬೇಡವೆನ್ನುವ ಶಕ್ತಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೂ ಕೆಲಸಕ್ಕೆ ಬರುವುದನ್ನು ಸುಲಭ ಮಾಡಿತು. ನಗರದ ಅಂಚಿನಲ್ಲಿ ವಾಸಿಸುವ ಮಹಿಳೆ ಬಸ್ ಚಾರ್ಜಿಲ್ಲದೆ ಜಯನಗರದ ಮನೆಗೆಲಸಕ್ಕೆ ಬರಬಲ್ಲಳು.

ಉದ್ಯೋಗ ಖಾತರಿಯ ಕಥೆಯೂ ಹೀಗೆಯೇ. 2025-26ರಲ್ಲಿ ಕರ್ನಾಟಕದಲ್ಲಿ ಅದರ ದಿನಗೂಲಿ 370 ರೂಪಾಯಿ ಇತ್ತು. ಬೆಂಗಳೂರಿನ ಗಾರೆ ಕೂಲಿಗೆ ಅದು ಪೈಪೋಟಿಯೇ ಅಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತಂದಿತು. ಕೆಲಸದ ದಿನಗಳ ಭರವಸೆ 100ರಿಂದ 125ಕ್ಕೆ ಏರಿತು. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನಗಳವರೆಗೆ ಕಾಮಗಾರಿ ನಿಲ್ಲಿಸುವ ಅವಕಾಶವೂ ಬಂತು. ಹೊಲಕ್ಕೆ ಆಳು ಸಿಗಲಿ ಎಂಬುದು ಉದ್ದೇಶ. ಆದರೆ ಕೂಲಿ ಏರಲು ಅವಕಾಶವಿರುವ ದಿನಗಳಲ್ಲೇ ಕೂಲಿಯವರ ಇನ್ನೊಂದು ಬಾಗಿಲನ್ನು ಮುಚ್ಚಿದಂತಾಗುವುದಿಲ್ಲವೇ? 1351ರ ಶಾಸನ, 2020ರ ಪತ್ರಗಳ ಜೊತೆ ಇದನ್ನೂ ಇಟ್ಟು ಯೋಚಿಸಬೇಕಾಗಿದೆ.

ಕೂಲಿಯನ್ನು ಅದುಮದೆಯೂ ಕೊರತೆಯನ್ನು ತಗ್ಗಿಸಬಹುದು. ದುಡಿಯುವ ಜಾಗದ ಹತ್ತಿರ ಕಡಿಮೆ ಬಾಡಿಗೆಯ ವಸತಿ ಇದ್ದರೆ ಅದೇ ಕೂಲಿಯಲ್ಲಿ ಮನೆಗೆ ಕಳುಹಿಸಲು ಹೆಚ್ಚು ಉಳಿಯುತ್ತದೆ. ಮಕ್ಕಳಿಗೆ ಶಿಶುವಿಹಾರವಿದ್ದರೆ ತಾಯಂದಿರು ದುಡಿಯಲು ಬರುತ್ತಾರೆ. ಹೆಲ್ಪರನಾಗಿ ಬಂದವನಿಗೆ ಟೈಲ್ಸ್, ವೈರಿಂಗ್ ಕೆಲಸ ಕಲಿಸಿದರೆ ಅವನ ಕೂಲಿಯೂ ಏರುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ.

ನಮ್ಮ ಧರ್ಮಕೇಂದ್ರಗಳ ಪಾಲು

ಹದಿಮೂರನೇ ಲಿಯೋ ಜಗದ್ಗುರುಗಳು 1891ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಈ ವಿಷಯವನ್ನು ನೇರವಾಗಿ ಎತ್ತಿದ್ದರು. ಕೆಲಸಗಾರನು ಒಪ್ಪಿದನೆಂಬ ಮಾತ್ರಕ್ಕೆ ಕೂಲಿ ನ್ಯಾಯವಾದುದಾಗುವುದಿಲ್ಲ, ಬೇರೆ ದಾರಿಯಿಲ್ಲದೆ ಒಪ್ಪಿದ್ದರೆ ಅದು ಅನ್ಯಾಯವೇ ಎಂಬುದು ಅವರ ಬೋಧನೆಯ ಸಾರ. 2025ರ ಮೇಯಲ್ಲಿ ಆಯ್ಕೆಯಾದ ಹದಿನಾಲ್ಕನೇ ಲಿಯೋ ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಈ ವಿಶ್ವಪತ್ರವನ್ನೂ ಕಾರಣವಾಗಿ ನೆನೆದರು.

ಬೋಧನೆ ಗ್ರಂಥದಲ್ಲಿ ಉಳಿಯಬಾರದು. ನಮ್ಮ ಚರ್ಚ್, ಶಾಲೆ, ಸಭಾಭವನಗಳ ಕಾಮಗಾರಿಯಲ್ಲೂ ಗುತ್ತಿಗೆದಾರರಿದ್ದಾರೆ, ಮೇಸ್ತ್ರಿಗಳಿದ್ದಾರೆ, ಶೆಡ್ಡುಗಳಿವೆ. ಅತಿ ಕಡಿಮೆ ದರ ನಮೂದಿಸಿದ ಗುತ್ತಿಗೆದಾರನನ್ನು ಆರಿಸುವಾಗ ಆ ದರ ಯಾರ ಕೂಲಿಯಿಂದ ಕಡಿತವಾದದ್ದು ಎಂದು ಪಾಲನಾ ಪರಿಷತ್ತು ಕೇಳಬೇಕು. ಕನಿಷ್ಠ ಕೂಲಿ, ವಾರದ ರಜೆ, ಶೌಚಾಲಯ ಇವನ್ನು ಕರಾರಿನಲ್ಲೇ ಬರೆಯಿಸಬೇಕು.

1996ರ ಕಾಯ್ದೆಯಂತೆ ಆರಂಭವಾದ, ಕಟ್ಟಡ ವೆಚ್ಚದ ಮೇಲಿನ ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದೇ ಇದೆ. ವರ್ಷದಲ್ಲಿ 90 ದಿನ ದುಡಿದ, 18ರಿಂದ 60 ವಯಸ್ಸಿನ ಯಾವ ಕಟ್ಟಡ ಕಾರ್ಮಿಕನೂ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಮನೆಗೆಲಸದವರು, ಡೆಲಿವರಿ ಹುಡುಗರು 2021ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಳ್ಳಬಹುದು. ಅರ್ಜಿ ತುಂಬಲು ಬಾರದವರಿಗೆ ನಮ್ಮ ಯುವಜನರು ಭಾನುವಾರದ ಒಂದು ಗಂಟೆ ಕೊಟ್ಟರೆ ಸಾಕು.

ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ಕೂಲಿ ಗೊತ್ತುಮಾಡಿತು. ಆದರೆ ಮನೆಯೊಳಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ, ಅಲ್ಲಿ ಮನೆಯವರ ಮನಸ್ಸಾಕ್ಷಿಯೇ ಇನ್‌ಸ್ಪೆಕ್ಟರ್. ಈ ತಿಂಗಳ ಸಂಬಳ ಕೊಡುವ ಮೊದಲು ಪ್ರತಿಯೊಂದು ಕುಟುಂಬವೂ ಒಂದು ಲೆಕ್ಕ ಮಾಡಲಿ: ನಮ್ಮ ಮನೆಯ ಬಾಡಿಗೆ, ಹಾಲು, ಗ್ಯಾಸ್, ಶಾಲಾ ಶುಲ್ಕ ಮೂರು ವರ್ಷಗಳಲ್ಲಿ ಎಷ್ಟು ಏರಿದೆ, ನಮ್ಮಲ್ಲಿ ದುಡಿಯುವವರ ಸಂಬಳ ಎಷ್ಟು ಏರಿದೆ? ಅವರೂ ಅದೇ ಅಂಗಡಿಯಲ್ಲಿ ಅದೇ ಬೆಲೆಗೆ ಅಕ್ಕಿ ಕೊಳ್ಳುತ್ತಾರೆ.